ದಾಲ್ ಮಿಲ್ ಆಫೀಸಿಗೆ ಮೊದಲ ಸರ್ವರ್

ನಮ್ಮದು ಕಲಬುರಗಿಯ ಕಪನೂರ ಕಡೆ ಒಂದು ಸಣ್ಣ ದಾಲ್ ಮಿಲ್. ಖರೀದಿ, ಮಾರಾಟ ಅಣ್ಣ ನೋಡಿಕೊಳ್ಳುತ್ತಾನೆ. ಲೆಕ್ಕ ನನ್ನದು. ಅಪ್ಪನ ಕಾಲದಿಂದ ಇರುವ ಮುನೀಮ ಕಾಕಾ ಜೊತೆಗಿದ್ದಾರೆ. ಕಂಪ್ಯೂಟರ್ ಒಟ್ಟು ಐದು. ಲಾರಿ ತೂಗುವ ಕಾಟಾದಲ್ಲಿ ಒಂದು, ಬಿಲ್ಲಿಂಗಿಗೆ ಒಂದು, ಗೋದಾಮಿನಲ್ಲಿ ಒಂದು, ನನ್ನದೊಂದು, ಅಣ್ಣನ ಲ್ಯಾಪ್‌ಟಾಪ್ ಒಂದು. ನಾನು ಓದಿದ್ದು ಬಿಕಾಂ. ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಆದರೂ ಈ ಆಫೀಸಿನ ಸರ್ವರ್ ಕೂರಿಸಿದವಳು ನಾನೇ. ಅದನ್ನು ಎರಡು ಸಲ ಕೆಡಿಸಿಕೊಂಡವಳೂ ನಾನೇ. ನಿಮ್ಮದೂ ಇಂಥದೇ ಸಣ್ಣ ವ್ಯಾಪಾರ ಆಗಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನಮ್ಮಲ್ಲಿ ಎಲ್ಲ ಪೆನ್‌ಡ್ರೈವ್ ಮೇಲೆ ನಡೀತಿತ್ತು. ಸಂಜೆ ಕಾಟಾ ಹುಡುಗ ಪೆನ್‌ಡ್ರೈವ್ ತಂದು ಕೊಡುತ್ತಿದ್ದ, ನಾನು ಕಾಪಿ ಮಾಡಿಕೊಳ್ಳುತ್ತಿದ್ದೆ. ಒಂದು ಜನವರಿಯಲ್ಲಿ, ತೊಗರಿ ಆವಕ ಜೋರಾಗಿದ್ದಾಗ, ಹಳೆ ಕಡತ ಹೊಸದರ ಮೇಲೆ ಕೂತುಬಿಟ್ಟಿತು. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಒಂದು ಲೆಕ್ಕ, ನನ್ನದರಲ್ಲಿ ಇನ್ನೊಂದು. 63 ಬಿಲ್ಲು ತಾಳೆ ಇಲ್ಲ. ಕಾಕಾ ಮತ್ತು ನಾನು ಕಾಟಾ ಚೀಟಿಗಳ ಗಂಟು ಬಿಚ್ಚಿಕೊಂಡು ಎರಡು ರಾತ್ರಿ ಕೂತೆವು. ಮೂರನೇ ದಿನ ಅಣ್ಣನಿಗೆ ಹೇಳಿದೆ, ಇನ್ನು ಸರ್ವರ್ ಬೇಕೇ ಬೇಕು.

ರೇಷನ್ ಅಂಗಡಿಯಲ್ಲಿ 'ಸರ್ವರ್ ಇಲ್ಲ' ಅಂತ ಕೇಳಿ ಕೇಳಿ ಕಾಕಾಗೆ ಆ ಪದ ಅಂದರೇನೇ ಸಿಟ್ಟು. "ಸರ್ವರ್ ಇಲ್ಲಂತ ಹೇಳ್ಲಾಕ ನಾವೊಂದು ಸರ್ವರ್ ಯಾಕ ತರಬೇಕವ್ವಾ?" ಅಂದರು.

ಕಾಕಾ ನಗಿಸಲು ಕೇಳಿದ್ದಲ್ಲ, ಆದರೆ ಆ ಪ್ರಶ್ನೆ ನೀವೂ ಕೇಳಿಕೊಳ್ಳಿ. ಒಂದೇ ಲೆಕ್ಕದ ಕಡತವನ್ನು ದಿನಾ ಇಬ್ಬರು ಮೂವರು ಮುಟ್ಟುತ್ತಾರಾ? ಹಾಗಿದ್ದರೆ ಬೇಕು. ಒಬ್ಬರೇ ಮುಟ್ಟುತ್ತಾರೆ ಅಂದರೆ ಒಳ್ಳೆ ಬ್ಯಾಕಪ್ ಇದ್ದರೆ ಸಾಕು, ಸರ್ವರ್ ಸುಮ್ನೆ ಖರ್ಚು. ನಿಮ್ಮ ಬಿಲ್ಲಿಂಗ್ ಎಲ್ಲ ಆನ್‌ಲೈನಿನಲ್ಲೇ ನಡೆಯುತ್ತಿದ್ದರೂ ಬೇಡ. ಆ ದುಡ್ಡನ್ನು ಎರಡನೇ ಇಂಟರ್ನೆಟ್ ಲೈನಿಗೆ ಹಾಕಿ.

ಯಾವ ಯಂತ್ರ, ಯಾವ ವಿಂಡೋಸ್

ಸರ್ವರ್ ಅಂದರೆ ಬೀರು ಗಾತ್ರದ ಯಂತ್ರ ಅಂದುಕೊಳ್ಳಬೇಡಿ. ಉಳಿದವರ ಕಡತ ಇಟ್ಟುಕೊಂಡು, ಕೇಳಿದಾಗ ಕೊಡುವ ಒಂದು ಕಂಪ್ಯೂಟರ್, ಅಷ್ಟೇ. ಐದಾರು ಜನರ ಆಫೀಸಿಗೆ ಐ5 ದರ್ಜೆಯ ಡೆಸ್ಕ್‌ಟಾಪ್, 16 ಜಿಬಿ ರ‍್ಯಾಮ್ ಧಾರಾಳ ಆಯಿತು. ವಿಂಡೋಸ್ ಇರಲು ಒಂದು ಎಸ್‌ಎಸ್‌ಡಿ. ಲೆಕ್ಕ ಇರಲು ಒಂದೇ ಅಳತೆಯ ಎರಡು ಹಾರ್ಡ್ ಡಿಸ್ಕ್. ನಾವು 2 ಟಿಬಿಯವು ಹಾಕಿದೆವು. ಹಗಲೂ ರಾತ್ರಿ ಓಡಲೆಂದೇ ಮಾಡಿದ 'ನ್ಯಾಸ್' ಜಾತಿಯ ಡಿಸ್ಕ್ ಕೇಳಿ ತನ್ನಿ. ಒಂದು ಡಿಸ್ಕ್ ಸತ್ತರೂ ಇನ್ನೊಂದರಲ್ಲಿ ಅದೇ ಲೆಕ್ಕ ಇರಬೇಕು. ಇದಕ್ಕೆ ಮಿರರ್ ಅಂತಾರೆ. ವಿಂಡೋಸಿನ 'ಸ್ಟೋರೇಜ್ ಸ್ಪೇಸಸ್'ನಲ್ಲಿ 'ಟೂ ವೇ ಮಿರರ್' ಅಂತ ಆರಿಸಿದರೆ ಆಗುತ್ತದೆ. ಹಾಗೆ ಮಾಡುವಾಗ ಎರಡೂ ಡಿಸ್ಕ್ ಪೂರ್ತಿ ಅಳಿಸಿ ಹೋಗುತ್ತವೆ. ಖಾಲಿ ಇದ್ದಾಗಲೇ ಮಾಡಿ.

ಯಾವ ಓಎಸ್, ಅಂದರೆ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್, ಅನ್ನೋದರ ಮೇಲೆ ನಮ್ಮ ಮನೆಯಲ್ಲಿ ಒಂದು ವಾರ ವಾದ ನಡೆಯಿತು. ಬೆಂಗಳೂರಿನಲ್ಲಿರುವ ತಮ್ಮ ಉಬುಂಟು ಹಾಕು, ಬಿಟ್ಟಿ, ಗಟ್ಟಿ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಇನ್ನೊಂದು ದಾರಿ ವಿಂಡೋಸ್ ಸರ್ವರ್. ಅದಕ್ಕೆ ಯಂತ್ರದ ಲೈಸೆನ್ಸ್ ಒಂದು, ಬಳಸುವವರ ಲೆಕ್ಕದಲ್ಲಿ ಇನ್ನೊಂದು ಲೈಸೆನ್ಸ್. ನಮಗೆ ಭಾರ. ಕಡೆಗೆ ನಾನು ಹಾಕಿದ್ದು ಸಾದಾ ವಿಂಡೋಸ್ 11 ಪ್ರೊ. ಏಕಕಾಲಕ್ಕೆ 20 ಕನೆಕ್ಷನ್‌ವರೆಗೆ ಅದು ಕಡತ ಹಂಚುತ್ತದೆ. ನಮಗೆ ಬೇಕಾದ್ದು ಐದು. ದೊಡ್ಡ ಕಾರಣ ಬೇರೆ ಇದೆ. ಸೀಸನ್ನಿನಲ್ಲಿ ನನಗೆ ಜ್ವರ ಬಂದು ಮಲಗಿದರೆ, ಸೂಪರ್ ಮಾರ್ಕೆಟ್ ಕಡೆಯಿಂದ ಯಾವ ಕಂಪ್ಯೂಟರ್ ಹುಡುಗನನ್ನು ಕರೆದರೂ ಅವನಿಗೆ ವಿಂಡೋಸ್ ಗೊತ್ತಿರುತ್ತದೆ. ಉಬುಂಟು ಹಾಕಿದ್ದರೆ ತಮ್ಮ ಫೋನ್ ಎತ್ತೋವರೆಗೆ ಲಾರಿ ನಿಲ್ಲಬೇಕಿತ್ತು. ರಿಪೇರಿ ಮಾಡೋರು ಊರಲ್ಲಿ ಸಿಗುವಂಥದ್ದನ್ನೇ ಹಾಕಿಕೊಳ್ಳಿ.

ಹಳೆ ವಿಂಡೋಸ್ 10 ಯಂತ್ರ ಮೂಲೆಯಲ್ಲಿದೆ, ಅದನ್ನೇ ಸರ್ವರ್ ಮಾಡೋಣ ಅನ್ನಬೇಡಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತಿದೆ. ಟ್ಯಾಲಿ ಬಳಸುವವರಾದರೆ ಲೈಸೆನ್ಸ್ ನೋಡಿಕೊಳ್ಳಿ. ಸಿಲ್ವರ್ ಒಬ್ಬರಿಗೆ ಮಾತ್ರ. ಎಲ್ಲರೂ ಒಟ್ಟಿಗೆ ಕೆಲಸ ಮಾಡಬೇಕಾದರೆ ಗೋಲ್ಡ್ ಬೇಕು.

ಎಲ್ಲ ಸೇರಿ ನಮಗೆ 86 ಸಾವಿರ ಆಯಿತು. ಯಂತ್ರಕ್ಕೆ ಹೋದದ್ದು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಉಳಿದದ್ದು ಕರೆಂಟು, ವೈರು, ಬ್ಯಾಕಪ್ ಡಿಸ್ಕಿಗೆ. ಅಲ್ಲಿ ಕೈ ಹಿಡಿಯಬೇಡಿ.

ಎಲ್ಲಿ ಇಡಬೇಕು

ನಾನು ಮೊದಲು ಇಟ್ಟದ್ದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ. ಬಾಗಿಲು, ಬೀಗ ಎಲ್ಲ ಇತ್ತು. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಮಾರ್ಚಿನಲ್ಲಿ ಏನೂ ಆಗಲಿಲ್ಲ. ಏಪ್ರಿಲ್ ಮಧ್ಯದಲ್ಲಿ ಮಧ್ಯಾಹ್ನದ ಹೊತ್ತು ಲೆಕ್ಕ ತೆರೆಯಲು ತಡವಾಗತೊಡಗಿತು. 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಅಂತ ಒಂದು ಬಿಟ್ಟಿ ಸಾಫ್ಟ್‌ವೇರ್ ಇದೆ, ಡಿಸ್ಕಿನ ಆರೋಗ್ಯ, ಬಿಸಿ ಎರಡೂ ತೋರಿಸುತ್ತದೆ. ಹಾಕಿ ನೋಡಿದರೆ 57 ಡಿಗ್ರಿ. ಬಹಳಷ್ಟು ಡಿಸ್ಕುಗಳಿಗೆ ತಯಾರಕರು ಹೇಳುವ ಮೇಲಿನ ಮಿತಿಯೇ 60ರ ಆಸುಪಾಸು. ನಮ್ಮ ಊರಲ್ಲಿ ಹೊರಗೇ 42 ಡಿಗ್ರಿ ಇರುವಾಗ ಬೀಗ ಹಾಕಿದ ಕಪಾಟಿನಲ್ಲಿ ಇನ್ನೇನಾಗುತ್ತೆ ಹೇಳಿ.

ಕಪಾಟಿನ ಬಾಗಿಲು ತೆರೆದಾಗ ಇನ್ನೊಂದು ಕಣ್ಣಿಗೆ ಬಿತ್ತು. ಗಾಳಿ ಒಳಗೆ ಹೋಗುವ ಜಾಲರಿ ಮೇಲೆ ತೊಗರಿ ಹೊಟ್ಟಿನ ಧೂಳು ತೆಳ್ಳಗೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಉಗುರಿನಿಂದ ಕೆರೆದರೆ ಹಾಳೆಯಂತೆ ಎದ್ದು ಬಂತು. ಒಂದೇ ತಿಂಗಳಿಗೆ.

ಈಗ ಯಂತ್ರ ಒಳ ಕೋಣೆಯಲ್ಲಿದೆ. ಉತ್ತರದ ಗೋಡೆಗೆ ಶಾಬಾದ್ ಕಲ್ಲಿನ ಒಂದು ಹಾಸು ಹಾಕಿಸಿ, ನೆಲದಿಂದ ನಾಲ್ಕು ಅಡಿ ಮೇಲೆ ಇಟ್ಟಿದ್ದೇವೆ. ಧೂಳು ನೆಲದ ಹತ್ತಿರವೇ ಜಾಸ್ತಿ, ಕಸ ಗುಡಿಸುವಾಗಲಂತೂ ಕೇಳಬೇಡಿ. ನಾಲ್ಕೂ ಕಡೆ ಒಂದೊಂದು ಗೇಣು ಜಾಗ ಖಾಲಿ. ಮೇಲೆ ತಗಡಿಲ್ಲ, ಸ್ಲ್ಯಾಬಿದೆ. ಎದುರಿಗೆ ಒಂದು ಸಾದಾ ಫ್ಯಾನ್. ಜಾಲರಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದ್ದೇನೆ, ತೆಗೆದು ತೊಳೆಯಲು ಬರುವ ಹಾಗೆ. ಮೇ ತಿಂಗಳಲ್ಲೂ ಡಿಸ್ಕ್ 45 ದಾಟಿಲ್ಲ. ಎಸಿ ಹಾಕಿಸಿಲ್ಲ.

ಕರೆಂಟು ಮತ್ತು ಅರ್ತಿಂಗ್

ಯುಪಿಎಸ್ ತನ್ನಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳುವವರು ಕಡಿಮೆ. ಕರೆಂಟು ಹೋದ ಮೇಲೂ ತಾಸುಗಟ್ಟಲೆ ಕೆಲಸ ಮಾಡಲು ಅಲ್ಲ. ಸರ್ವರ್ ತನ್ನಷ್ಟಕ್ಕೆ ನೆಟ್ಟಗೆ ಬಂದ್ ಆಗಲು. ಲೆಕ್ಕ ಬರೆಯುತ್ತಿರುವಾಗ ಫಟ್ ಅಂತ ಕರೆಂಟು ಹೋದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಅದು ತೆರೆದರೆ ಪುಣ್ಯ.

ನಮ್ಮದು 1 ಕೆವಿಎ ಯುಪಿಎಸ್. ಸರ್ವರ್, ನೆಟ್‌ವರ್ಕ್ ಸ್ವಿಚ್ (ಎಲ್ಲ ಕಂಪ್ಯೂಟರಿನ ಕೇಬಲ್ ಬಂದು ಕೂಡುವ ಡಬ್ಬಿ), ರೌಟರ್, ಇಂಟರ್ನೆಟ್ ಡಬ್ಬಿ ಇಷ್ಟೇ ಅದರ ಮೇಲೆ. ಸುಮಾರು 20 ನಿಮಿಷ ಎಳೆಯುತ್ತದೆ. ಲೇಸರ್ ಪ್ರಿಂಟರ್ ಅದಕ್ಕೆ ಹಾಕಬೇಡಿ, ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ಕೇಬಲ್ ಇರುವುದನ್ನೇ ಕೇಳಿ. ಅದನ್ನು ಸರ್ವರಿಗೆ ಹಚ್ಚಿದರೆ ಸಾಮಾನ್ಯವಾಗಿ ವಿಂಡೋಸ್ ಅದನ್ನು ಲ್ಯಾಪ್‌ಟಾಪ್ ಬ್ಯಾಟರಿ ಹಾಗೆ ಗುರುತಿಸುತ್ತದೆ. ಪವರ್ ಆಪ್ಷನ್ಸಿಗೆ ಹೋಗಿ, ಬ್ಯಾಟರಿ ತೀರಾ ಇಳಿದಾಗ 'ಶಟ್ ಡೌನ್' ಅಂತ ಇಡಿ. ಇಳಿದದ್ದು ಅಂದರೆ ಎಷ್ಟು ಅನ್ನೋ ಶೇಕಡಾ ಸ್ವಲ್ಪ ಮೇಲಕ್ಕೇ ಇರಲಿ, ನಾನು 40 ಇಟ್ಟಿದ್ದೇನೆ. ಅಲ್ಲೇ 'ಸ್ಲೀಪ್' ಅನ್ನೋದನ್ನು 'ನೆವರ್' ಮಾಡಿ. ಇಲ್ಲದಿದ್ದರೆ ಊಟದ ಹೊತ್ತಿಗೆ ಸರ್ವರೂ ಮಲಗುತ್ತದೆ. ಬಯೋಸಿನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗಿನಲ್ಲಿ, ಕರೆಂಟು ಮರಳಿ ಬಂದಾಗ ತಾನೇ ಚಾಲೂ ಆಗುವ ಆಯ್ಕೆ ಇರುತ್ತದೆ, ಅದನ್ನೂ ಹಾಕಿ. ಎಲ್ಲ ಆದ ಮೇಲೆ ಗೋಡೆಯ ಸ್ವಿಚ್ ಆರಿಸಿ, ಕುರ್ಚಿ ಹಾಕಿಕೊಂಡು ಎದುರಿಗೆ ಕೂತು ನೋಡಿ. ಬಂದ್ ಆಯಿತಾ, ಸ್ವಿಚ್ ಹಾಕಿದಾಗ ಎದ್ದಿತಾ. ನಾನು ಮೂರು ಸಲ ಮಾಡಿದೆ. ಕಾಕಾ "ಏನವ್ವಾ, ಆಟ ಆಡ್ಲತ್ತೀ ಏನು?" ಅಂತ ಬೈದರು.

ಅರ್ತಿಂಗ್ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಸರ್ವರ್ ಪೆಟ್ಟಿಗೆ ಮುಟ್ಟಿದರೆ ಬೆರಳ ತುದಿಗೆ ಜುಂ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟಿನ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮೀಟರ್ ಇಟ್ಟ. 17 ವೋಲ್ಟ್. ಎರಡು ಮೂರು ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. ಕಾರಣ ಹುಡುಕುತ್ತಾ ಹೋದರೆ ಕಾಂಪೌಂಡ್ ಮೂಲೆಯ ಅರ್ತ್ ಗುಂಡಿ. ಬೇಸಿಗೆಗೆ ನಮ್ಮ ಎರಿ ಭೂಮಿ ಬಿರುಕು ಬಿಟ್ಟು, ಗುಂಡಿ ಪೂರ್ತಿ ಒಣಗಿ ಕೂತಿತ್ತು. ಉಪ್ಪು, ಇದ್ದಿಲು ಹೊಸದಾಗಿ ತುಂಬಿಸಿ ನಾಲ್ಕು ಕೊಡ ನೀರು ಹಾಕಿದೆವು. ಮರುದಿನ ಮೀಟರ್ 2 ತೋರಿಸಿತು. ಈಗ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಒಂದು ಕೊಡ ನೀರು ಆ ಗುಂಡಿಗೆ. ಹಮಾಲರಿಗೆ ಇದೊಂದು ನಗೆಪಾಟಲು. ಕಂಪ್ಯೂಟರಿಗೆ ನೀರು ಕುಡಿಸೋದು ಅಂತಾರೆ.

ಇನ್ನೊಂದು, ಮಿಲ್ಲಿನ ಮೋಟಾರಿಗೆ ಹೋಗುವ ಲೈನಿನಿಂದಲೇ ಸರ್ವರಿಗೆ ಕರೆಂಟು ತೆಗೆಯಬೇಡಿ. ಮೋಟಾರ್ ಚಾಲೂ ಆದಾಗಲೆಲ್ಲ ಟ್ಯೂಬ್‌ಲೈಟ್ ಮಿಣುಕುತ್ತದಲ್ಲ, ಅದೇ ಪೆಟ್ಟು ಸರ್ವರಿಗೂ ಬೀಳುತ್ತದೆ.

ವೈರು

ಗಿಗಾಬಿಟ್ ಸ್ವಿಚ್, ಎಂಟು ಪೋರ್ಟಿನದು ಸಾಕು. ಕೇಬಲ್ ಕ್ಯಾಟ್ 6. ಕೇಬಲ್ ಕೊಳ್ಳುವಾಗ ಒಂದು ಬ್ಲೇಡ್ ಜೇಬಲ್ಲಿರಲಿ. ಒಳಗಿನ ಒಂದು ತಂತಿ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಾಕಿದ ಅಲ್ಯುಮಿನಿಯಂ. ಬೇಡ. ಪೂರ್ತಿ ಕೆಂಪಗಿದ್ದರೆ ತನ್ನಿ. ಸರ್ವರನ್ನು ವೈಫೈ ಮೇಲೆ ನಡೆಸಬೇಡಿ. ಎಂಟೂ ತಂತಿ ಸರಿಯಾಗಿ ಕೂರದಿದ್ದರೆ ವೇಗ ಸಾವಿರ ಎಂಬಿಪಿಎಸ್ (ಅಂದರೆ 1 ಜಿಬಿಪಿಎಸ್) ಬದಲು ನೂರಕ್ಕೆ ಇಳಿಯುತ್ತದೆ. ವಿಂಡೋಸಿನಲ್ಲಿ ನೆಟ್‌ವರ್ಕಿನ ಸ್ಟೇಟಸ್ ತೆರೆದರೆ 1 ಜಿಬಿಪಿಎಸ್ ಅಂತ ಕಾಣಬೇಕು.

ಗೋದಾಮಿಗೆ ನಮ್ಮಲ್ಲಿ 85 ಮೀಟರ್ ದೂರ. ಈ ಕೇಬಲಿಗೆ 100 ಮೀಟರ್ ಮಿತಿ, ಹಾಗಾಗಿ ಸಾಲುತ್ತದೆ ಅಂತ ಗೋಡೆ ಗುಂಟ ಹೊರಗೇ ಎಳೆದಿದ್ದೆ. ಮೇ ಕೊನೆಗೆ ಗುಡುಗಿನ ಮಳೆ ಬಂತು. ಸಿಡಿಲು ನಮ್ಮ ಮೇಲೇನೂ ಬಿದ್ದಿರಲಿಲ್ಲ, ಎಲ್ಲೋ ಹತ್ತಿರದಲ್ಲಿ ಬಿದ್ದದ್ದು. ಸ್ವಿಚ್ ಸತ್ತಿತು, ಗೋದಾಮಿನ ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟೂ ಸತ್ತಿತು. ಎರಡು ಕಟ್ಟಡದ ನಡುವೆ ಬಯಲಲ್ಲಿ ತಾಮ್ರ ಎಳೆದರೆ ಮಿಂಚಿಗೆ ದಾರಿ ಮಾಡಿಕೊಟ್ಟ ಹಾಗೆ. ಈಗ ಅಲ್ಲಿ ಫೈಬರ್ ಇದೆ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾದಾ ಕೇಬಲಿಗೆ ಕೂಡಿಸುವ ಡಬ್ಬಿ), ಎರಡೂ ಜೋಡಿಯಾಗಿ ಹೊಂದುವಂಥವು. ಗಾಜಿನ ಎಳೆಯಲ್ಲಿ ಕರೆಂಟು ಹರಿಯಲ್ಲ. ಉಕ್ಕಿನ ತಂತಿ ಇಲ್ಲದ ಫೈಬರ್ ಕೇಬಲ್ಲೇ ಕೇಳಿ, ಇಲ್ಲದಿದ್ದರೆ ಮತ್ತೆ ಅದೇ ಕತೆ.

ಹೆಸರು, ವಿಳಾಸ, ಪಾಸ್‌ವರ್ಡ್

ಸರ್ವರಿಗೆ ಬದಲಾಗದ ವಿಳಾಸ ಕೊಡಿ. ನಮ್ಮ ರೌಟರ್ 192.168.1.1. ಅದು ಉಳಿದವರಿಗೆ, ಕೊನೆಯ ಸಂಖ್ಯೆ 100ರಿಂದ 200ರವರೆಗೆ ಇರುವ ವಿಳಾಸ ಹಂಚುತ್ತದೆ. ಸರ್ವರಿಗೆ ನಾನು 192.168.1.10 ಅಂತ ಕೈಯಾರೆ ಇಟ್ಟೆ. ಹಂಚುವ ಸಾಲಿನಿಂದ ಹೊರಗೆ ಇರಬೇಕು, ಇಲ್ಲವಾದರೆ ಒಂದು ದಿನ ಯಾರದೋ ಫೋನಿಗೂ ಅದೇ ವಿಳಾಸ ಸಿಕ್ಕು ಇಬ್ಬರೂ ಕಿತ್ತಾಡುತ್ತಾರೆ. ರೌಟರಿನ ಜೊತೆ ಬಂದ ಪಾಸ್‌ವರ್ಡ್ ಅವತ್ತೇ ಬದಲಿಸಿ. ಬಂದು ಹೋಗುವ ದಲಾಲರಿಗೆ, ಲಾರಿ ಡ್ರೈವರುಗಳಿಗೆ ವೈಫೈ ಕೊಡಬೇಕಾಗುತ್ತದೆ, ಅದಕ್ಕೆ 'ಗೆಸ್ಟ್' ವೈಫೈ ಬೇರೆ ಮಾಡಿ.

ಪ್ರತಿ ಮನುಷ್ಯನಿಗೆ ಸರ್ವರಿನಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡ್. 'ಎವರಿವನ್' ಅಂತ ಒತ್ತಿ ಎಲ್ಲರಿಗೂ ಬಾಗಿಲು ತೆರೆಯಬೇಡಿ. ಕಾಟಾ ಹುಡುಗನಿಗೆ ಕಾಟಾ ಫೋಲ್ಡರ್ ಸಾಕು, ಸಂಬಳದ ಪಟ್ಟಿ ಯಾಕೆ? ಫೋಲ್ಡರ್ ಹಂಚುವಾಗ ಎರಡು ಕಡೆ ಅನುಮತಿ ಇರುತ್ತದೆ, 'ಶೇರಿಂಗ್' ಅನ್ನುವಲ್ಲಿ ಒಂದು, 'ಸೆಕ್ಯುರಿಟಿ' ಅನ್ನುವಲ್ಲಿ ಒಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ನಾನು ಒಂದು ಕಡೆ ಮಾತ್ರ ಕೊಟ್ಟು ಅರ್ಧ ದಿನ ತಲೆ ಕೆರೆದುಕೊಂಡೆ. ನಾಲ್ಕಂಕಿ ಪಿನ್ ನೆಟ್‌ವರ್ಕಿಗೆ ನಡೆಯಲ್ಲ, ಖಾಲಿ ಪಾಸ್‌ವರ್ಡೂ ನಡೆಯಲ್ಲ. ಆಮೇಲೆ ಪ್ರತಿ ಕಂಪ್ಯೂಟರಿನಲ್ಲಿ ಆ ಫೋಲ್ಡರನ್ನು 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಮಾಡಿ, ಎಲ್ಲ ಕಡೆ ಒಂದೇ ಅಕ್ಷರ ಕೊಡಿ. ನಮ್ಮಲ್ಲಿ 'ಎಸ್'.

ಹಳೆ ಲೆಕ್ಕ ಸರ್ವರಿಗೆ ಸಾಗಿಸಲು ಮಿಲ್ ಬಂದ್ ಇರುವ ದಿನ ನೋಡಿ. ನಾನು ಶರಣಬಸವೇಶ್ವರ ಜಾತ್ರೆಯ ದಿನ ಆರಿಸಿಕೊಂಡೆ. ಊರೆಲ್ಲ ತೇರಿಗೆ ಹೋಗಿತ್ತು, ನಾನೊಬ್ಬಳೇ ಆಫೀಸಿನಲ್ಲಿ. ಸಾಗಿಸಿದ ಮೇಲೆ ಹಳೆ ಕಂಪ್ಯೂಟರುಗಳಲ್ಲಿನ ಕಡತದ ಹೆಸರು ಬದಲಿಸಿಬಿಡಿ. ಇಲ್ಲದಿದ್ದರೆ ಮರುದಿನ ಯಾರೋ ಒಬ್ಬರು ಅಭ್ಯಾಸದ ಮೇಲೆ ಹಳೆಯದನ್ನೇ ತೆರೆದು ಬಿಲ್ ಹಾಕುತ್ತಾರೆ.

ಬ್ಯಾಕಪ್

ಮಿರರ್ ಇದೆ, ಇನ್ನೇನು ಚಿಂತೆ ಅಂದ ಅಣ್ಣ. ಮಿರರ್ ಕಾಯುವುದು ಡಿಸ್ಕ್ ಕೆಟ್ಟರೆ ಮಾತ್ರ. ಯಾರೋ ತಪ್ಪಿ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ಕಡತಕ್ಕೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ ಬೀಗ ಎರಡಕ್ಕೂ ಬೀಳುತ್ತದೆ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಕಳೆದುಹೋಯಿತು ಅಂದರೆ ಕೇಳೋರಿಲ್ಲ.

ನಮ್ಮಲ್ಲಿ ಎರಡು ಯುಎಸ್‌ಬಿ ಡಿಸ್ಕ್ ಇವೆ. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಳದಿ. ಸೋಮ, ಬುಧ, ಶುಕ್ರ ಕೆಂಪು. ಮಂಗಳ, ಗುರು, ಶನಿ ಹಳದಿ. ಒಂದು ಆಫೀಸಿನಲ್ಲಿದ್ದರೆ ಇನ್ನೊಂದು ನನ್ನ ಬ್ಯಾಗಿನಲ್ಲಿ ಮನೆಗೆ ಹೋಗಿರುತ್ತದೆ. ಸಂಜೆ ಎಲ್ಲರೂ ಲೆಕ್ಕ ಮುಚ್ಚಿದ ಮೇಲೇ ಕಾಪಿ, ತೆರೆದಿಟ್ಟ ಕಡತದ ಕಾಪಿ ನಂಬೋ ಹಾಗಿಲ್ಲ. ವಾರಕ್ಕೊಮ್ಮೆ ಪಾಸ್‌ವರ್ಡ್ ಹಾಕಿ ಕಟ್ಟಿದ ಒಂದು ಗಂಟು ಕ್ಲೌಡಿಗೆ. ಡಿಸ್ಕನ್ನು ಸದಾ ಸರ್ವರಿಗೆ ಹಚ್ಚಿಟ್ಟೇ ಬಿಟ್ಟರೆ ಬ್ಯಾಕಪ್ಪಿಗೂ ಬೀಗ ಬೀಳುತ್ತದೆ.

ಕಾಪಿ ತಾನೇ ಆಗಲಿ ಅಂತ ನಾನು 'ಟಾಸ್ಕ್ ಶೆಡ್ಯೂಲರ್'ನಲ್ಲಿ ರಾತ್ರಿ 9 ಗಂಟೆಗೆ ಹಾಕಿದ್ದೆ. ಜೂನಿನಲ್ಲಿ ಒಂದು ದಿನ, ಸುಮ್ನೆ ನೋಡೋಣ ಅಂತ ಹಳದಿ ಡಿಸ್ಕನ್ನು ಅಣ್ಣನ ಲ್ಯಾಪ್‌ಟಾಪಿಗೆ ಹಚ್ಚಿ ಲೆಕ್ಕ ತೆರೆದೆ. ಕೊನೆಯ ಬಿಲ್ಲು ಮೂರು ವಾರ ಹಿಂದಿನದು. ಎದೆ ಧಸಕ್ಕಂತು. ಕೆಂಪು ಡಿಸ್ಕಿನಲ್ಲೂ ಅದೇ. ಆಗಿದ್ದೇನು ಅಂದರೆ, ಮೂರು ವಾರದ ಹಿಂದೆ ನಾನು ಸರ್ವರಿನ ಪಾಸ್‌ವರ್ಡ್ ಬದಲಿಸಿದ್ದೆ. ಶೆಡ್ಯೂಲರಿನಲ್ಲಿ ಹಳೆ ಪಾಸ್‌ವರ್ಡೇ ಉಳಿದಿತ್ತು. ದಿನಾ ರಾತ್ರಿ 9ಕ್ಕೆ ಅದು ಬಾಗಿಲು ತಟ್ಟಿ, ತೆರೆಯದೆ, ವಾಪಸ್ ಹೋಗುತ್ತಿತ್ತು. ನಾನು ದಿನಾ ಸಂಜೆ ದಾರ ನೋಡಿ ಡಿಸ್ಕ್ ಬದಲಿಸುತ್ತಿದ್ದೆ, ಬಹಳ ಶಿಸ್ತಿನಿಂದ. ಅವತ್ತಿನಿಂದ ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಲೆಕ್ಕ ತೆರೆದು, ಕಾಕಾ ಕೈಲಿರುವ ಒಂದು ಬಿಲ್ ನಂಬರ್ ಹೇಳುತ್ತಾರೆ, ನಾನು ಅದನ್ನು ಹುಡುಕಿ ಮೊತ್ತ ಓದುತ್ತೇನೆ. ತಾಳೆಯಾದರೆ ಪಾಸ್.

ಹೊರಗಿನಿಂದ ನೋಡಬೇಕಾದರೆ

ಅಣ್ಣ ಲಾತೂರ, ಸೋಲಾಪುರ ಅಂತ ತಿರುಗುತ್ತಿರುತ್ತಾನೆ. ಅಲ್ಲಿಂದಲೇ ಸ್ಟಾಕ್ ನೋಡಬೇಕು. ರೌಟರಿನಲ್ಲಿ 3389 ಪೋರ್ಟ್ ತೆರೆದರೆ ಆಯಿತು ಅಂತ ಅವನಿಗೆ ಯಾರೋ ಹೇಳಿದ್ದರು. ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು ಅದು. ಜಗತ್ತಿನ ಕಳ್ಳರೆಲ್ಲ ಹಗಲೂ ರಾತ್ರಿ ತಟ್ಟಿ ನೋಡುವ ಬಾಗಿಲು. ತೆರೆಯಲೇಬೇಡಿ. ಬಹಳಷ್ಟು ಫೈಬರ್ ಕನೆಕ್ಷನ್ನುಗಳಲ್ಲಿ ನಿಮಗೆ ಅಂತ ಬೇರೆ ವಿಳಾಸವೂ ಇರುವುದಿಲ್ಲ, ಹಾಗಾಗಿ ತೆರೆದರೂ ಕೆಲಸ ಮಾಡಲ್ಲ. ನಾವು ಟೈಲ್‌ಸ್ಕೇಲ್ ಹಾಕಿದ್ದೇವೆ. ವಿಪಿಎನ್ ಜಾತಿಯದು, ಅಂದರೆ ಇಂಟರ್ನೆಟ್ ಮೇಲೆ ನಮ್ಮ ಯಂತ್ರಗಳಿಗಷ್ಟೇ ಇರುವ ಗುಟ್ಟಿನ ದಾರಿ. ಸರ್ವರಿಗೂ ಲ್ಯಾಪ್‌ಟಾಪಿಗೂ ಹಾಕಿ ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಎರಡೂ ಒಂದೇ ಕೋಣೆಯಲ್ಲಿದ್ದ ಹಾಗೆ. ಆ ಖಾತೆಗೆ ಎರಡು ಹಂತದ ಲಾಗಿನ್ ಇರಲಿ.

ಅಮಾಸಿ ಕೆಲಸ

ನಮ್ಮ ಮಿಲ್ಲಿನಲ್ಲಿ ಅಮಾಸಿ ದಿನ ಮಷೀನ್ ಪೂಜೆ. ಬೆಳಗ್ಗೆ ಎಲ್ಲ ಬಂದ್ ಇರುತ್ತದೆ. ಸರ್ವರಿನ ತಿಂಗಳ ಕೆಲಸಕ್ಕೂ ನಾನು ಅದೇ ದಿನ ಇಟ್ಟುಕೊಂಡೆ, ತಾರೀಖು ನೆನಪಿಡೋ ಗೋಜಿಲ್ಲ. ವಿಂಡೋಸ್ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡುತ್ತೇನೆ. ಡಿಸ್ಕಿನ ಬಿಸಿ, ಆರೋಗ್ಯ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಗೋಡೆಯ ಸ್ವಿಚ್ ಆರಿಸಿ ಯುಪಿಎಸ್ ಎಷ್ಟು ನಿಮಿಷ ಎಳೆಯಿತು ಅಂತ ನೋಡುತ್ತೇನೆ. ಹೋದ ಸಲ 14 ನಿಮಿಷಕ್ಕೆ ಇಳಿದಿತ್ತು, ಬ್ಯಾಟರಿ ಬದಲಿಸೋ ಹೊತ್ತು ಬಂತು. ಆಮೇಲೆ ಯಂತ್ರ ಪೂರ್ತಿ ಬಂದ್ ಮಾಡಿ, ಪರದೆ ತೊಳೆಯಲು ಹಾಕಿ, ಬ್ಲೋವರ್ ಹಿಡಿಯುತ್ತೇನೆ. ಬ್ಲೋವರ್ ಹಿಡಿಯುವಾಗ ಒಳಗಿನ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ, ಗಾಳಿಗೆ ಗಿರಗಿರ ತಿರುಗಿದರೆ ಫ್ಯಾನ್ ಕೆಡುತ್ತದೆ.

ಮೊದಲ ಅಮಾಸಿಗೆ ಕಾಕಾ ಎಲ್ಲ ಮಷೀನಿನ ಜೊತೆ ಸರ್ವರಿಗೂ ವಿಭೂತಿ, ಕುಂಕುಮ ಹಚ್ಚಿದ್ದರು. ಹಚ್ಚಿದ್ದು ಸರಿಯಾಗಿ ಗಾಳಿಯ ಜಾಲರಿ ಮೇಲೆ. ಅರ್ಧ ವಿಭೂತಿ ಒಳಗೆ ಹೋಗಿತ್ತು. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಈಗ ಯುಪಿಎಸ್ ಮುಂಭಾಗದಲ್ಲಿ, ರಂಧ್ರ ಇಲ್ಲದ ಕಡೆ, ಒಂದು ಸಣ್ಣ ಚೌಕ ಬರೆದು ಕೊಟ್ಟಿದ್ದೇನೆ. ಕಾಕಾ ಅಲ್ಲೇ ಹಚ್ಚುತ್ತಾರೆ.